ಗಾಡಿ ಸಿಗದ ದಿನ ತೌರಿನ ಸೀರೆ

ನವರಾತ್ರಿ ನಡೆಯುತ್ತಿತ್ತು. ಹಿತ್ತಲ ಕಲ್ಲಿನ ಮೇಲೆ ಕೂತು ಹುಣಸೆಹಣ್ಣು, ಉಪ್ಪು ಹಾಕಿ ದೇವರ ದೀಪದ ಕಂಬಗಳನ್ನು ತಿಕ್ಕುತ್ತಿದ್ದೆ. ಜೋಡಿ ಕಂಬದಲ್ಲಿ ಒಂದು ಮುಗಿದು ಬಿಸಿಲಿಗೆ ಒಣಗುತ್ತಿತ್ತು. ಇನ್ನೊಂದಕ್ಕೆ ಹುಣಸೆಹುಳಿ ಬಳಿದು ತೆಂಗಿನ ನಾರು ಕೈಗೆ ತಗೊಂಡಿದ್ದೆ. ಒಳಗೆ ಫೋನು ಬಡಕೊಂಡಿತು. ಕೈಯನ್ನು ಸೆರಗಿಗೆ ಒರೆಸಿಕೊಂಡು ಹೋಗಿ ಎತ್ತಿದೆ. ಆ ಕಡೆ ನನ್ನ ನಾದಿನಿಯ ಮಗಳು.

"ಅತ್ತೆ, ಅವ್ವ ಹೋಗ್ಬುಡ್ತು."

ಬೆಳಗಿನ ಜಾವ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲವಂತೆ. ಆಸ್ಪತ್ರೆಗೆ ಹೊರಡಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹುಡುಗಿ ಅಳುತ್ತಲೇ ಹೇಳಿತು: "ಹೊತ್ತು ಇಳಿಯೋಕೆ ಮುಂಚೆ ಮಣ್ಣು ಮಾಡ್ತಾರಂತೆ. ಸೀರೆ ತಗೊಂಡು ಬೇಗ ಬನ್ನಿ ಅತ್ತೆ. ಅಜ್ಜಿ ಆಗ್ಲೇ ತೌರಿನೋರು ಎಲ್ಲಿ ಅಂತ ಸುರು ಹಚ್ಕಂಡದೆ."

ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ ದೇವರ ಸಾಮಾನು ಮುಟ್ಟುವ ಹಾಗಿಲ್ಲ. ಹುಳಿ ಬಳಿದ ಕಂಬದ ಮೇಲೆ ಒಂದು ಚೊಂಬು ನೀರು ಹುಯ್ಯಲೂ ಆಗಲಿಲ್ಲ. ಅದನ್ನು ಹಾಗೇ ಬಿಟ್ಟು ಎದ್ದೆ.

ನಮ್ಮ ಕಡೆ ಮದುವೆಯಾದ ಹೆಂಗಸು ತೀರಿಕೊಂಡರೆ ತೌರಿನವರು ಹೊಸ ಸೀರೆ ತಂದು ಹೊದಿಸಬೇಕು. ಗಂಡನ ಮನೆಯವರು ಉಡಿಸುವುದು ಬೇರೆ, ಇದು ಬೇರೆ. ತೌರಿನದು ಮೈಮೇಲೆ ಬಿದ್ದ ಮೇಲೆಯೇ ಹೆಣ ಎತ್ತುವುದು. ನನ್ನ ನಾದಿನಿಗೆ ತೌರು ಅಂದರೆ ನಮ್ಮ ಮನೆ ಒಂದೇ. ನನ್ನ ಅತ್ತೆ ಮಾವ ತೀರಿಕೊಂಡು ಬಹಳ ವರ್ಷವಾಯಿತು. ಅಣ್ಣ ಅಂತ ಇರುವುದು ನನ್ನ ಗಂಡ ಒಬ್ಬರೇ. ನಾವಿರುವುದು ಕಟ್ಟೆಮಳಲವಾಡಿಯ ಕಡೆ. ಅವಳನ್ನು ಕೊಟ್ಟಿದ್ದು ಕಾಡಂಚಿಗೆ, ಅಂತರಸಂತೆಯಿಂದ ಸ್ವಲ್ಪ ಒಳಗೆ.

ಅವಳ ಅತ್ತೆಗೆ ನಮ್ಮ ಮನೆಯೆಂದರೆ ಮೊದಲಿಂದಲೂ ಸದರ. ಕೊರೊನಾ ಬಂದ ಎರಡು ವರ್ಷ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ನಾವು ಹೋಗಲಾಗಲಿಲ್ಲ. ಅದೊಂದು ಸಾಕಾಯಿತು. "ನಿಂಗೆಲ್ಲಿ ತೌರು ಅದೆ? ಇದ್ದಿದ್ರೆ ಒಂದು ಮೊರನಾದ್ರೂ ಬರ್ತಿರ್ನಿಲ್ವಾ" ಅಂತ ಮುದುಕಿ ಬೀದಿಯವರೆದುರೇ ಅನ್ನುತ್ತಿತ್ತಂತೆ. ರೋಗ ಇಳಿದ ಮೇಲೆ ಬಂದ ಗೌರಿಗೆ ನಾವಿಬ್ಬರೂ ಬಸ್ಸಿನಲ್ಲಿ ಹೋಗಿ ಬಾಗಿನ ಕೊಟ್ಟು ಬಂದೆವು. ಹೊರಡುವಾಗ ನಾದಿನಿ ಬಸ್ಸಿನ ತನಕ ಬಂದು ನಗುನಗುತ್ತಾ ಹೇಳಿದ್ದಳು:

"ಅತ್ತಿಗೆ, ನೀವು ಇನ್ನು ಯಾವ ಹಬ್ಬಕ್ಕೆ ಬರ್ದಿದ್ರೂ ಬುಡಿ. ನಾನು ಹೋದಾಗ ಮಾತ್ರ ಸೀರೆ ತಂದು ಹಾಕ್ಬುಡಿ. ನಮ್ಮತ್ತೆ ಬಾಯಿ ಒಂದ್ಸಲನಾದ್ರೂ ಮುಚ್ಚಲಿ."

"ಯಾವ ಬಣ್ಣ ಅಂತಾನೂ ಹೇಳ್ಬುಡು ತಾಯಿ, ಆಮೇಲೆ ಸರಿಯಿಲ್ಲ ಅಂತ ಎದ್ದು ಕೂತ್ಕಂಡೀಯ" ಅಂದಿದ್ದೆ.

"ಹಸ್ರು. ಅರಿಶಿಣದ ಅಂಚು ಇರ್ಲಿ."

ಇಬ್ಬರೂ ನಕ್ಕಿದ್ದೆವು. ಅವಳು ನನಗಿಂತ ಚಿಕ್ಕವಳು. ಮೊದಲು ಹೋಗುತ್ತಾಳೆ ಅಂತ ಯಾರಿಗೆ ಗೊತ್ತಿತ್ತು.

ನನ್ನ ಗಂಡ ಡ್ರೈವರು. ಹಿಂದಿನ ದಿನವೇ ಬೆಂಗಳೂರಿನ ಮಂದಿಯನ್ನು ಕರಕೊಂಡು ಕೊಡಗಿಗೆ ಹೋಗುತ್ತೇನೆ ಅಂತ ಹೇಳಿ ಹೊರಟಿದ್ದರು. ಎಷ್ಟು ಸಲ ಫೋನು ಮಾಡಿದರೂ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಅಂತ ಆ ಹೆಣ್ಣುದನಿ ಅದದೇ ಹೇಳುತ್ತಿತ್ತು. ಪಕ್ಕದ ಮನೆಯವರು, ಎದುರುಮನೆಯವರು ಬಂದರು. ತೌರಿನ ಸೀರೆ ಒಬ್ಬಳೇ ಹಿಡಿದುಕೊಂಡು ಹೋಗುವುದು ಶೋಭೆಯಲ್ಲ, ನಾಲ್ಕು ಜನ ಜೊತೆಗಿರಬೇಕು. "ಹುಣಸೂರಿಂದ ಗಾಡಿ ತಕ್ಕಂಡು ಬಾರವ್ವ, ನಾವು ರೆಡಿಯಾಗಿರ್ತೀವಿ" ಅಂದರು. ಡ್ರೈವರ್ ಮನೆಗೆ ಗಾಡಿ ಸಿಗುವುದಿಲ್ಲ ಅಂತ ಅವರೂ ಎಣಿಸಲಿಲ್ಲ, ನಾನೂ ಎಣಿಸಲಿಲ್ಲ.

ಯಾಕೆ ಎಣಿಸಲಿಲ್ಲ ಅನ್ನುವುದನ್ನು ಹೇಳಬೇಕು. ಮುಂಚೆ ನಮ್ಮದೇ ಒಂದು ಹಳದಿ ಬೋರ್ಡಿನ ಕಾರಿತ್ತು, ಹುಣಸೂರು ಸ್ಟ್ಯಾಂಡಿನಲ್ಲಿ ನಿಲ್ಲುತ್ತಿತ್ತು. ಆ ಸ್ಟ್ಯಾಂಡಿನಲ್ಲಿ ಒಂದು ಕಟ್ಟಳೆ. ಸ್ಟ್ಯಾಂಡಿನ ಯಾವ ಡ್ರೈವರ್ ಮನೆಯಲ್ಲಿ ಸಾವಾದರೂ ಸಾಲಿನಲ್ಲಿ ಮೊದಲು ನಿಂತ ಗಾಡಿ ಹೊರಡಬೇಕು. ಡೀಸೆಲ್ ಹಾಕಿಸಿದರೆ ಆಯಿತು, ಬಾಡಿಗೆ ಕೇಳುವಂತಿಲ್ಲ. ಕೆ.ಆರ್. ನಗರದ ಕಡೆಯ ಒಬ್ಬ ಡ್ರೈವರ ತಂದೆ ತೀರಿಕೊಂಡಾಗ ನಮ್ಮವರು ಒಪ್ಪಿಕೊಂಡಿದ್ದ ಮದುವೆ ಬಾಡಿಗೆಯನ್ನು ಬೇರೆಯವನಿಗೆ ದಾಟಿಸಿ ಹೋಗಿದ್ದರು. ಪಿರಿಯಾಪಟ್ಟಣದ ಕಡೆಯ ಸಾವುಗಳಿಗೆ ಹೋಗಿದ್ದಂತೂ ಲೆಕ್ಕವಿಲ್ಲ. ಬಂದ ಮೇಲೆ ಗಾಡಿಯನ್ನು ತೊಳೆದು, ತಾವೂ ಮಿಂದು, ನಿಂಬೆಹಣ್ಣು ಕಟ್ಟಿ ಮತ್ತೆ ಸಾಲಿಗೆ ನಿಲ್ಲಿಸುತ್ತಿದ್ದರು. ಇಷ್ಟು ಮಾಡಿದ ಮನೆಗೆ ಒಂದು ಗಾಡಿ ಬರದೇ ಇರುತ್ತದೆಯೇ ಅಂತ ನನ್ನ ನಂಬಿಕೆ.

ಲಾಕ್‌ಡೌನಿನಲ್ಲಿ ನಮ್ಮ ಕಾರು ಮನೆ ಮುಂದೆ ನಿಂತಲ್ಲೇ ನಿಂತಿತು. ಇಲಿ ಸೇರಿಕೊಂಡು ಸೀಟು ಕಡಿಯಿತು. ಕಂತು ಮಾತ್ರ ನಿಲ್ಲಲಿಲ್ಲ. ಕೊನೆಗೆ ಮಾರಿದೆವು. ಸ್ಟ್ಯಾಂಡಿನವರು ಬಹಳ ಮಂದಿ ಮಾರಿದರು. ಮೈಸೂರಿನ ದುಡ್ಡಿದ್ದವರು ಸಾಲುಸಾಲಾಗಿ ಕೊಂಡುಕೊಂಡರು. ಆಮೇಲೆ ರೋಗ ಹಿಂದಕ್ಕೆ ಸರಿಯಿತು. ಎರಡು ವರ್ಷ ಮನೆಯೊಳಗೆ ಕೂತ ಮಂದಿ ಒಂದೇ ಸಲ ಹೊರಟುಬಿಟ್ಟರು, ಕೊಡಗಿಗೆ, ಕಬಿನಿಗೆ, ಬೈಲಕುಪ್ಪೆಗೆ. ಬಾಡಿಗೆ ಎರಡರಷ್ಟಾಯಿತು, ಆದರೂ ಗಾಡಿ ಸಾಲದು. ನಮ್ಮವರು ಬೇರೆಯವರ ಕಾರಿಗೆ ದಿನದ ಲೆಕ್ಕದಲ್ಲಿ ಡ್ರೈವರಾದರು. ಏರಿದ ಬಾಡಿಗೆ ನಮ್ಮ ಕೈಗೆ ಬರಲಿಲ್ಲ. ಆದರೂ ಒಲೆ ಉರಿಯುತ್ತದಲ್ಲ ತಾಯಿ, ಅಂತ ನಾನು ದೀಪ ಹಚ್ಚುತ್ತಿದ್ದೆ.

ಹುಣಸೂರಿಗೆ ಬಂದವಳು ಮೊದಲು ಜವಳಿ ಅಂಗಡಿಗೆ ಹೋದೆ. ಹಸಿರು ಸೀರೆ, ಅರಿಶಿಣದ ಅಂಚು, ಕೇಳಿದ್ದು ಕೇಳಿದ ಹಾಗೇ ಸಿಕ್ಕಿತು. ಸಾವಿನ ಸೀರೆಗೆ ಚೌಕಾಸಿ ಮಾಡಬಾರದು ಅಂತ ನನ್ನ ಅತ್ತೆ ಹೇಳುತ್ತಿದ್ದರು. ಹೇಳಿದಷ್ಟು ಕೊಟ್ಟು ಸ್ಟ್ಯಾಂಡಿಗೆ ನಡೆದೆ. ದಾರಿಯಲ್ಲಿ ನಾದಿನಿಯ ಊರಿನ ಕಡೆಗೆ ಹೋಗುವ ಕೋಟೆ ಬಸ್ಸು ಎದುರಿಗೇ ಹೋಯಿತು. ಬೋರ್ಡು ಓದಿದೆ, ಕೈ ಅಡ್ಡ ಹಾಕಲಿಲ್ಲ. ಗಾಡಿ ಇರುವಾಗ ಬಸ್ಸು ಯಾಕೆ ಅಂತ.

ಸ್ಟ್ಯಾಂಡು ಖಾಲಿ. ಸಾಲು ಅಂತ ನಿಲ್ಲುತ್ತಿದ್ದ ಜಾಗದಲ್ಲಿ ಒಂದೇ ಒಂದು ಕಾರು. ನಮ್ಮವರ ಜೊತೆಯವನೇ, ತಲೆ ನರೆತ ಡ್ರೈವರು, ಗಾಜು ಒರೆಸುತ್ತಿದ್ದ.

"ಗಾಡಿಗಳೆಲ್ಲ ಎಲ್ಲಣ್ಣ?"

"ಎಲ್ಲಿ ಗಾಡಿ ಅಕ್ಕ. ಈಗ ಸ್ಟ್ಯಾಂಡು ಅಂದ್ರೆ ನಾನು, ಈ ಮರ, ಆ ನಾಯಿ. ನಾನೂ ಈಗ ಹೊರ್ಟೆ, ಇನ್ನು ಅವೆರಡೇಯ."

ವಿಷಯ ಹೇಳಿದೆ. ಬಟ್ಟೆ ಬಿಸಾಕಿ ನೆಟ್ಟಗೆ ನಿಂತ. ಆಮೇಲೆ ಅಂದ, "ಅಕ್ಕ, ಇದು ನನ್ನ ಗಾಡಿಯಲ್ಲ. ಓನರ್ ಮೈಸೂರಲ್ಲಿ ಕೂತ್ಕಂಡು ಮೊಬೈಲಲ್ಲಿ ನೋಡ್ತಾನೆ. ಎಲ್ಲಿ ತಿರುಗ್ತು, ಎಷ್ಟೊತ್ತು ನಿಂತ್ಕತ್ತು, ಎಲ್ಲಾನೂವೆ. ಬೈಲಕುಪ್ಪೆಗೆ ಹೋಗೋ ಪಾರ್ಟಿ ಲಾಡ್ಜಲ್ಲಿ ಕಾಯ್ತಾವ್ರೆ. ಅವರ್ನ ಬುಟ್ಟು ಕೋಟೆ ಕಡೆ ತಿರುಗಿಸಿದ್ರೆ ಸಾಯಂಕಾಲಕ್ಕೆ ಕೀ ಕೇಳ್ತಾನೆ."

"ಕಟ್ಟಳೆ ಇತ್ತಲ್ಲಣ್ಣ."

"ಇತ್ತು ಕಣಕ್ಕ. ಆಗ ಗಾಡಿ ನಮ್ದಾಗಿತ್ತು."

ಆದರೂ ಅವನು ಸುಮ್ಮನೆ ಕೂರಲಿಲ್ಲ. ಒಬ್ಬೊಬ್ಬರಿಗೇ ಫೋನು ಹಚ್ಚಿ, ನನಗೂ ಕೇಳಲಿ ಅಂತ ಸ್ಪೀಕರು ಹಾಕಿದ. ಒಬ್ಬ ಮಡಿಕೇರಿ ಘಾಟಿಯಲ್ಲಿದ್ದ. ಒಬ್ಬ ವೈನಾಡಿನಲ್ಲಿ. ಇನ್ನೊಬ್ಬ, "ದಸರಾ ಮುಗಿಯೋಗಂಟ ಉಚ್ಚೆ ಹುಯ್ಯೋಕೂ ಪುರುಸೊತ್ತಿಲ್ಲ ಕಣಣ್ಣ" ಅಂದ, ನಾನಿರುವುದು ತಿಳಿಯದೆ. ಕೊನೆಗೆ ಒಬ್ಬ ಏಜೆಂಟು ಸಿಕ್ಕಿದ. ಗಾಡಿ ಇದೆ, ಎರಡು ದಿನದ ಬಾಡಿಗೆ ಮುಂಗಡ ಕೊಡಬೇಕು, ಅದೂ ನಾಳೆ ಬೆಳಿಗ್ಗೆಗೆ.

"ನಾಳಿಕ್ಕೆ ಯಾತಕ್ಕಲಾ? ಮಣ್ಣಾದ್ಮೇಲೆ ನೋಡ್ಕಂಡು ಬರೋಕಾ?" ಅಂತ ಇವನು ಬೈದು ಇಟ್ಟುಬಿಟ್ಟ.

ಇದೆಲ್ಲ ಆಗುವಷ್ಟರಲ್ಲಿ ಬಿಸಿಲು ನೆತ್ತಿಯ ಹತ್ತಿರ ಬಂದಿತ್ತು. "ಹತ್ತಕ್ಕ, ಬಸ್ ಸ್ಟ್ಯಾಂಡಿಗಾದ್ರೂ ಬುಡ್ತೀನಿ. ಓನರ್ ಕೇಳಿದ್ರೆ ಟಯರಿಗೆ ಗಾಳಿ ಹೊಡ್ಸೋಕೆ ಹೋಗಿದ್ದೆ ಅಂತೀನಿ" ಅಂದ. ಅಷ್ಟು ದೂರ ನಡೆಯುವುದು ತಪ್ಪಿತು. ಅದೂ ದೇವರು ಕೊಟ್ಟದ್ದೇ ಅಂತ ಹತ್ತಿದೆ. ಬೀದಿಯ ಹೆಂಗಸರಿಗೆ ಫೋನು ಮಾಡಿ, ಗಾಡಿ ಇಲ್ಲ, ನಾನೊಬ್ಬಳೇ ಹೋಗುತ್ತೇನೆ ಅಂದೆ.

ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿ ಪಕ್ಕದ ಒಬ್ಬ ಹೆಂಗಸು ತನ್ನ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ನನಗೆ ಜಾಗ ಬಿಟ್ಟಳು. ಹೊಗೆಸೊಪ್ಪು ಬೇಯಿಸುವ ಕಾಲ. ದಾರಿಯುದ್ದಕ್ಕೂ ಸೊಪ್ಪು ಒಣಗಿಸುವ ಬ್ಯಾರನ್ನುಗಳಿಂದ ಆ ಘಾಟು ಒಳಗೆ ಬರುತ್ತಿತ್ತು. ಅವಳು ನನ್ನ ಕೈಯಲ್ಲಿದ್ದ ಜವಳಿ ಅಂಗಡಿಯ ಕವರು ನೋಡಿದಳು.

"ದಸರಾಕ್ಕೆ ತಕ್ಕಂಡ್ರಾ?"

"ಇಲ್ಲ. ನಾದಿನಿಗೆ."

"ಪುಣ್ಯ ಮಾಡವ್ಳೆ. ನನ್ನ ಅತ್ತಿಗೆ ಒಂದು ಕುಪ್ಸದ ಬಟ್ಟೆ ಕೊಟ್ಟಿಲ್ಲ ಇದುವರ್ಗೂ."

ನಾನು ಕವರನ್ನು ಮಡಿಲಿಗೆ ಎಳೆದುಕೊಂಡೆ. ಮಧ್ಯೆ ಹುಡುಗಿ ಫೋನು ಮಾಡಿತು. "ಎಲ್ಲಿದ್ದೀರಿ ಅತ್ತೆ? ಮಳೆ ಕಟ್ಕೊಂಡದೆ. ತೋಡಿರೋ ಗುಣಿಗೆ ನೀರು ತುಂಬ್ಕತ್ತದೆ ಅಂತವ್ರೆ." ಬಂದೆ ಬಂದೆ ಅಂದೆ. ಬಸ್ಸು ಊರೂರಿಗೂ ನಿಲ್ಲುತ್ತಿತ್ತು. ಆ ಸೀಮೆಯ ದೇವರು ಚಿಕ್ಕದೇವಮ್ಮನಿಗೆ ಮನಸ್ಸಿನಲ್ಲೇ ಕೈ ಮುಗಿದೆ, ತಾಯಿ, ಮಳೆಯನ್ನು ಸ್ವಲ್ಪ ತಡೆ, ಇನ್ನೇನೂ ಕೇಳುವುದಿಲ್ಲ ಅಂತ.

ರಸ್ತೆ ಕವಲೊಡೆಯುವ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದೆ. ಅಂತರಸಂತೆ ಕಡೆಗೆ ಅಲ್ಲಿಂದ ಬೇರೆ ಬಸ್ಸು. ಆಗ ತಾನೇ ಒಂದು ಹೋಯಿತಂತೆ. ಎದುರಿಗೆ ಕಾರುಗಳೇ ಕಾರುಗಳು, ಒಂದರ ಹಿಂದೊಂದು, ಎಲ್ಲ ಕಾಡಿನ ಕಡೆಗೆ, ನಾನು ಹೋಗಬೇಕಾದ ದಾರಿಯಲ್ಲೇ. ಹಿಂದಿನ ಸೀಟಿನಲ್ಲಿ ಒಬ್ಬರೋ ಇಬ್ಬರೋ, ಪಕ್ಕದಲ್ಲಿ ಬ್ಯಾಗುಗಳು. ಕೈ ಅಡ್ಡ ಹಾಕಿದೆ. ಯಾರೂ ನಿಲ್ಲಿಸಲಿಲ್ಲ. ಅವರನ್ನೇನೂ ಅನ್ನುವುದಿಲ್ಲ. ದುಡ್ಡು ಕೊಟ್ಟು ಹಿಡಿದ ಗಾಡಿ, ರಸ್ತೆ ಬದಿಯ ಹೆಂಗಸನ್ನು ಯಾಕೆ ಹತ್ತಿಸಿಕೊಂಡಾರು.

ಆಗ ಎದುರು ದಿಕ್ಕಿನಿಂದ, ಕಾಡಿನ ಕಡೆಯಿಂದ, ಒಂದು ಬಿಳಿ ಕಾರು ಬಂತು. ಮುಂದೆ ಕಟ್ಟಿದ್ದ ನಿಂಬೆಹಣ್ಣು, ಮೆಣಸಿನಕಾಯಿ ನೋಡಿದೆ. ನಾನೇ ಪೋಣಿಸಿ ಕೊಟ್ಟದ್ದು. ನಾನು ಕೈ ಎತ್ತುವ ಮುಂಚೆಯೇ ಗಾಡಿ ಬದಿಗೆ ಬಂದು ನಿಂತಿತು. ನಮ್ಮವರು ಇಳಿದು ಬಂದರು.

"ನೀನೇನೆ ಇಲ್ಲಿ?" ಅಂದವರ ಕಣ್ಣು ಕವರಿನ ಮೇಲೆ ಬಿತ್ತು. ಹೂವಿಲ್ಲ, ಹಣ್ಣಿಲ್ಲ, ಬರೀ ಒಂದು ಸೀರೆ ಹಿಡಿದುಕೊಂಡು ತಂಗಿಯ ಊರಿನ ದಾರಿಯಲ್ಲಿ ಹೆಂಡತಿ ನಿಂತಿದ್ದರೆ ಬೇರೆ ಏನಿರುತ್ತದೆ. "ಯಾವಾಗ?" ಅಂತ ಅಷ್ಟೇ ಕೇಳಿದರು. ಹೇಳಿದೆ.

ಗಾಡಿಗೆ ಒರಗಿಕೊಂಡರು. ಕೊಡಗಿನಲ್ಲಿ ಎಲ್ಲೂ ರೂಮು ಸಿಗಲಿಲ್ಲವಂತೆ. ಪಾರ್ಟಿಯವರು ಅರ್ಧ ದಾರಿಯಲ್ಲಿ ಮನಸ್ಸು ಬದಲಾಯಿಸಿ ಕಬಿನಿಗೆ ನಡೆಯಿರಿ ಅಂದರಂತೆ. ಹೊಳೆದಂಡೆಯಲ್ಲಿ ಡ್ರೈವರುಗಳು ಮಲಗುವ ಶೆಡ್ಡಿನಲ್ಲಿ ಫೋನಿಗೆ ಸಿಗ್ನಲ್ಲೇ ಇರಲಿಲ್ಲವಂತೆ.

"ನಿನ್ನೆ ಸಂಜೆ ಅವಳ ಊರ ದಾರಿ ಮುಂದೆನೇ ಹೋದೆ ಕಣೆ. ಅಯ್ದು ನಿಮಿಷ ನಿಲ್ಲಿಸ್ಲಾ ಸಾರ್, ತಂಗಿ ಮನೆ ಅದೆ ಅಂದೆ. ಕತ್ತಲಾಗ್ತದೆ, ವಾಪಸ್ ಬರೋವಾಗ ನೋಡೋಣ ಅಂದ್ರು." ಬಂದ ದಾರಿಯ ಕಡೆ ತಿರುಗಿದರು. "ಈಗ್ಲೂ ಅದೇ ದಾರೀಲಿ ಬಂದೆ. ಊರ ಬಾಯಲ್ಲಿ ಜನ ನಿಂತಿದ್ರು, ತಮಟೆ ಬಡೀತಿದ್ರು. ಯಾರ್ದೋ ಸಾವು, ಇಂಥಾ ಹೊತ್ನಲ್ಲಿ ಪಾರ್ಟಿ ಕರ್ಕೊಂಡು ಒಳಕ್ಕೆ ಹೋಗೋದು ಬ್ಯಾಡ ಅಂತ ಸ್ಟೇರಿಂಗಿಂದಾನೇ ಕೈ ಮುಗ್ದು ಬಂದ್ಬುಟ್ಟೆ."

ಕಾರಿನಲ್ಲಿ ಗಂಡ, ಹೆಂಡತಿ, ಒಬ್ಬ ವಯಸ್ಸಾದ ತಾಯಿ. ಕೆಟ್ಟವರಲ್ಲ. ವಿಷಯ ತಿಳಿದು ಆ ಗಂಡಸು ಕೆಳಗಿಳಿದು ಮೈಸೂರಿನ ಆಫೀಸಿಗೆ ಫೋನು ಮಾಡಿದ, ಬೇರೆ ಗಾಡಿ ಕಳಿಸಿ, ನಾವು ಇಲ್ಲೇ ಕಾಯುತ್ತೇವೆ ಅಂತ. ಗಾಡಿ ಇಲ್ಲ ಅಂದರು. ಎಷ್ಟು ಕೊಟ್ಟರೂ ಇವತ್ತು ಇಲ್ಲ ಅಂದರು. ಅವರಿಗೆ ಮೈಸೂರಿನಲ್ಲಿ ಸಂಜೆಯ ರೈಲಿತ್ತು.

"ತಪ್ಪು ತಿಳ್ಕೋಬೇಡಿ. ನಾವಾದರೂ ಏನು ಮಾಡೋದು ಹೇಳಿ" ಅಂದ. ಒಳಗಿದ್ದ ತಾಯಿ ಕಿಟಕಿ ಇಳಿಸಿ ನನ್ನ ಮುಖ ನೋಡಿತು.

ನಮ್ಮವರು ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದರು. "ಇಳಿಸ್ಬುಡ್ಲಾ ಇವರ್ನ?" ಅಂದರು, ಮೆಲ್ಲಗೆ. ಇಳಿಸಿದರೆ ನಾಳೆಯಿಂದ ಆ ಗಾಡಿ ಇಲ್ಲ, ಬೇರೆ ಯಾರೂ ಗಾಡಿ ಕೊಡುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ನಾನು ಇಳಿಸಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಅವರು ಕವರಿನಿಂದ ಸೀರೆ ತೆಗೆದು ಎರಡು ಕಣ್ಣಿಗೂ ಒತ್ತಿಕೊಂಡು ವಾಪಸು ಕೊಟ್ಟರು.

"ನೀನು ತಲುಪ್ಸು. ನಾನು ಇವರ್ನ ಬುಟ್ಟು ಬತ್ತೀನಿ."

ಗಾಡಿ ಮೈಸೂರಿನ ಕಡೆ ಹೋಯಿತು. ಆ ದಿನವೆಲ್ಲ ನಾನು ಹುಡುಕಿದ್ದು ಅಂಥದೊಂದು ಗಾಡಿಯನ್ನೇ.

ಸಿಮೆಂಟು ಹೇರಿಕೊಂಡು ಹೋಗುತ್ತಿದ್ದ ಲಗೇಜ್ ಆಟೋದವನು ಕರುಣೆ ತೋರಿದ. ಮೂಟೆಗಳ ಮೇಲೆ ಕೂತು, ಸೀರೆಗೆ ಧೂಳು ತಗುಲದ ಹಾಗೆ ಸೆರಗಿನೊಳಗೆ ಇಟ್ಟುಕೊಂಡು ಹೋದೆ. ಅಂತರಸಂತೆ ದಾಟುವಾಗ ಮಳೆ ಹನಿ ಹಾಕಿತು. ನಾದಿನಿಯ ಊರ ಬಾಯಲ್ಲಿ ಇಳಿದಾಗ ಜನ ಇರಲಿಲ್ಲ, ತಮಟೆಯೂ ಇರಲಿಲ್ಲ. ಗಂಡಸರು ಹೊಲದ ಕಡೆಯಿಂದ ಕೆರೆಗೆ ಮೀಯಲು ಹೋಗುತ್ತಿದ್ದರು. ಅದನ್ನು ನೋಡಿದ ಮೇಲೆ ಬೇಗ ನಡೆಯಬೇಕಾದ ಕೆಲಸವಿರಲಿಲ್ಲ.

ಮನೆ ಮುಂದೆ ಅವಳ ಅತ್ತೆ ಕೂತಿತ್ತು.

"ಬಂದ್ರಾ. ಡ್ರೈವರ್ ಮನೆಯೋರು, ಗಾಡೀಲಿ ಬತ್ತಾರೆ ಅಂತ ಕಾದೋ ಕಾದೋ. ಮಳೆ ಕಾಯಕ್ಕಿಲ್ವಲ್ಲ."

ಹುಡುಗಿ ಒಳಗಿಂದ ಓಡಿಬಂದು ನನ್ನ ಸೊಂಟ ತಬ್ಬಿಕೊಂಡಿತು. ಎತ್ತುವ ಹೊತ್ತಿಗೆ ಅದು ಅವ್ವನ ಪೆಟ್ಟಿಗೆಯಿಂದ ಒಂದು ಸೀರೆ ತಂದಿತ್ತಂತೆ. ಯಾವುದೋ ವರ್ಷ ಗೌರಿಗೆ ನಾವೇ ಕೊಟ್ಟಿದ್ದು. ಅವಳು ಉಡದೆ ಮಡಿಸಿ ಇಟ್ಟುಕೊಂಡಿದ್ದಳು. ಇದೂ ತೌರಿನದೇ, ಇದನ್ನೇ ಹೊದಿಸಿ ಅಂತ ಹುಡುಗಿ ಬೇಡಿಕೊಂಡರೂ ಮುದುಕಿ ಒಪ್ಪಲಿಲ್ಲವಂತೆ. "ತೌರಿನದು ಅಂದ್ರೆ ತೌರಿನೋರ ಕೈಯಿಂದ ಬರ್ಬೇಕು. ಪೆಟ್ಟಿಗೆಯಿಂದ ಬಂದ್ರೆ ಅದು ನಮ್ಮನೆದು" ಅಂದಿತಂತೆ. ಗಂಡನ ಮನೆಯ ಸೀರೆ ಒಂದರಲ್ಲೇ ಕಳಿಸಿಕೊಟ್ಟರು.

ತಂದ ಸೀರೆಯನ್ನು ಮನೆಗೆ ವಾಪಸು ಒಯ್ಯುವ ಹಾಗಿಲ್ಲ. ಅವರ ಮನೆಯ ಹಿರಿಯರೊಬ್ಬರು, "ಮಣ್ಣ ಮ್ಯಾಲೇ ಹೊದಿಸವ್ವ, ಸೇರ್ತದೆ ಬುಡು" ಅಂದರು. ಹುಡುಗಿ, ನಾನು ಇಬ್ಬರೇ ಹೊಲಕ್ಕೆ ಹೋದೆವು. ಹಸಿಮಣ್ಣಿನ ಮೇಲೆ ಸೀರೆ ಹರಡಿ, ಅರಿಶಿಣ ಕುಂಕುಮ ಇಟ್ಟು, ಗಾಳಿಗೆ ಹಾರದಿರಲಿ ಅಂತ ಮೂಲೆಗಳಿಗೆ ಕಲ್ಲು ಹೇರಿದೆವು. ಮಳೆ ಜೋರಾಯಿತು. ಹಸಿರು ಸೀರೆ ನೆನೆದು ಕಪ್ಪಗೆ ಕಾಣತೊಡಗಿತು. ಸೇರುತ್ತದೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ದೇವರ ವಿಷಯದಲ್ಲಿ ನಾನು ಇಷ್ಟು ಅನುಮಾನ ಪಟ್ಟಿದ್ದು ಅದೇ ಮೊದಲು.

ನಮ್ಮವರು ಬಂದಾಗ ಕತ್ತಲಾಗಿತ್ತು. ನೆಟ್ಟಗೆ ಹೊಲಕ್ಕೆ ಹೋದರು. ಮಣ್ಣಿಗೆ ಹಾಲುತುಪ್ಪ ಬಿಡುವ ದಿನ ನಾವಿಬ್ಬರೂ ಮತ್ತೆ ಹೋದಾಗ ಮಣ್ಣಿನ ಮೇಲೆ ಸೀರೆ ಇರಲಿಲ್ಲ. ಕಲ್ಲುಗಳು ಇಟ್ಟ ಜಾಗದಲ್ಲೇ ಇದ್ದವು. ನಮ್ಮವರು ಹಾಲು ಹುಯ್ದು ಕೈ ಮುಗಿದರು. ಆ ಕೈ ನೋಡಿದಾಗ ಸ್ಟೇರಿಂಗಿನಿಂದ ಮುಗಿದ ಕೈ ನೆನಪಾಯಿತು. ಅವರಿಗೂ ನೆನಪಾಗಿರಬೇಕು, ಬೇಗ ಇಳಿಸಿಬಿಟ್ಟರು.

ಆಯುಧಪೂಜೆ ಸೂತಕದಲ್ಲೇ ಕಳೆಯಿತು. ಸೂತಕ ಮುಗಿದ ಬೆಳಿಗ್ಗೆಯೇ ಓನರ್ ಫೋನು ಬಂತು, ಪಾರ್ಟಿ ಇದೆ, ಬೇಗ ಬಾ ಅಂತ. ಬಾಡಿಗೆ ಇನ್ನೂ ಏರಿದೆಯಂತೆ. ನಮ್ಮವರು ತಲೆಗೆ ನೀರು ಹಾಕಿಕೊಂಡು, ತಿಂಡಿ ತಿನ್ನದೆ ಹೊರಟರು. ಯಾವ ಕಡೆಗೆ ಅಂತ ನಾನು ಕೇಳಲಿಲ್ಲ. ಬಸ್ಸಿನಲ್ಲಿ ಜಾಗ ಕೊಟ್ಟ ಹೆಂಗಸು, ಗಾಳಿ ಹೊಡೆಸುವ ನೆಪ ಹೇಳಿದ ಡ್ರೈವರು, ಸಿಮೆಂಟಿನ ಆಟೋದವನು, ಮೂವರಿಗೂ ಒಳ್ಳೆಯದಾಗಲಿ ಅಂತ ಬೇಡಿಕೊಂಡೆ. ನನಗಾಗಿ ಬೇಡಲು ಏನೂ ತೋಚಲಿಲ್ಲ.

ಮನೆಯೆಲ್ಲ ತೊಳೆದು ಹಿತ್ತಲಿಗೆ ಬಂದೆ. ಹುಳಿ ಬಳಿದು ಬಿಟ್ಟಿದ್ದ ದೀಪದ ಕಂಬ ಅಲ್ಲೇ ಇತ್ತು. ಹುಣಸೆಹುಳಿ ಒಣಗಿ ಹಿಡಿದುಕೊಂಡು ಹಿತ್ತಾಳೆಯ ಮೇಲೆ ಹಸಿರು ಕಲೆ ಕಟ್ಟಿತ್ತು. ಉಗುರಿನಿಂದ ಕೆರೆದು ನೋಡಿದೆ, ಹೋಗಲಿಲ್ಲ. ಬಟ್ಟಲಿಗೆ ಬಿಸಿನೀರು ಬಗ್ಗಿಸಿ, ಮತ್ತೆ ಒಂದು ಹಿಡಿ ಹುಣಸೆಹಣ್ಣು ನೆನೆಹಾಕಿ, ನಾರು ಹುಡುಕಿಕೊಂಡು ಕಲ್ಲಿನ ಮೇಲೆ ಕೂತೆ.